ಫಾಂಟ್ ಅಂದ್ರೇನು ಅಂತ ಹೇಳೋದ್ರಲ್ಲೇ ಟೈಮ್ ಮುಗೀತು

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 31 ವರ್ಷ, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಕಡೆ ಒಂದು ಕಂಪನೀಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ವಿಜಯನಗರದಲ್ಲಿ ಅಪ್ಪ ಅಮ್ಮನ ಜೊತೆ ಇದೀನಿ. ನನ್ನ ತಲೆ ತುಂಬಾ ಎರಡೇ ವಿಷಯ, ಒಂದು ರೈಲು, ಇನ್ನೊಂದು ಕನ್ನಡ ಫಾಂಟು, ಅಂದ್ರೆ ಕಂಪ್ಯೂಟರ್, ಮೊಬೈಲಲ್ಲಿ ಕಾಣೋ ಅಕ್ಷರಗಳ ವಿನ್ಯಾಸ. ಇಂಜಿನ್ ನಂಬರ್ ಹೇಳಿದ್ರೆ ಅದು ಯಾವ ಸರಣಿದು ಯಾವ ಶೆಡ್ಡಿಂದು ಅಂತ ಹೇಳ್ತೀನಿ, ರಾತ್ರಿ ಮೂರರ ತನಕ ಒತ್ತಕ್ಷರಗಳ ಅಳತೆ ಸರಿ ಮಾಡ್ತಾ ಕೂತಿರ್ತೀನಿ. ಇದರಲ್ಲೆಲ್ಲ ನನಗೆ ಏನೂ ತೊಂದ್ರೆ ಇಲ್ಲ. ಆದ್ರೆ ಟೀಮ್ ಲಂಚ್ ಅಂದ್ರೆ ಹಿಂದಿನ ದಿನದಿಂದಲೇ ಹೊಟ್ಟೆ ಕಿವುಚುತ್ತೆ, ಮದುವೆ ಛತ್ರಕ್ಕೆ ಹೋದ್ರೆ ಪಂಕ್ತಿ ಹಾಕೋ ತನಕ ಸ್ಕೂಟರ್ ನಿಲ್ಲಿಸೋ ಜಾಗದಲ್ಲೇ ನಿಂತಿರ್ತೀನಿ. ಬೇರೆಯವರಿಗೆ ಸಲೀಸಾಗಿ ಬರೋ ಮಾತು ನನಗೆ ಲೆಕ್ಕ ಹಾಕಿ ಆಡ್ಬೇಕು. ಧೈರ್ಯ ಮಾಡಿ ಒಬ್ಬ ಕೌನ್ಸೆಲರ್ ಹತ್ರ ಹೋದೆ, ಹವ್ಯಾಸ ಏನು ಅಂದ್ರು, ಫಾಂಟ್ ಮಾಡ್ತೀನಿ ಅಂದೆ, "ಅಕ್ಷರ ಈಗಾಗ್ಲೇ ಇದೆಯಲ್ಲಪ್ಪಾ, ಮತ್ತೆ ಯಾಕೆ ಮಾಡ್ತೀಯಾ" ಅಂದ್ರು. ಅದನ್ನ ವಿವರಿಸೋದ್ರಲ್ಲೇ ಟೈಮ್ ಮುಗೀತು. ಕೊನೇಲಿ ಮೊಬೈಲ್ ಕಮ್ಮಿ ಮಾಡು, ಒಳ್ಳೆ ಹುಡುಗಿ ನೋಡಿ ಮದುವೆ ಆಗು ಎಲ್ಲ ಸರಿಹೋಗುತ್ತೆ ಅಂದ್ರು, ಫೀಸ್ ಕೊಟ್ಟು ಬಂದೆ. ಆಮೇಲೆ ಆನ್‌ಲೈನಲ್ಲಿ ಒಂದು ಆಟಿಸಂ (ಚಿಕ್ಕಂದಿನಿಂದಲೇ ಜನರ ಜೊತೆ ಬೆರೆಯೋ ರೀತಿ ಬೇರೆ ಇರೋದು) ಕ್ವಿಜ್ ಮಾಡಿದೆ, ಸ್ಕೋರ್ ಜಾಸ್ತಿ ಬಂತು, ಈಗ ಅದೂ ಒಂದು ಯೋಚನೆ. ನಮ್ಮಂಥೋರನ್ನ ಅರ್ಥ ಮಾಡ್ಕೊಳೋ ಥೆರಪಿಸ್ಟ್ ಮೈಸೂರಲ್ಲಿ ಇದಾರಾ?
ಹೆಸರು ಬೇಡ, ವಿಜಯನಗರ, ಮೈಸೂರು

ಉತ್ತರ: "ಅಕ್ಷರ ಈಗಾಗ್ಲೇ ಇದೆಯಲ್ಲಪ್ಪಾ" ಅನ್ನೋದು ಓದಿ ಮೊದಲು ನಗು ಬಂತು, ಆಮೇಲೆ ಫೀಸ್ ಕೊಟ್ಟು ಬಂದೆ ಅನ್ನೋ ಕಡೆ ಬಂದಾಗ ಸಿಟ್ಟು ಬಂತು.

ಇದಾರೆ. ಆದ್ರೆ "ಇಲ್ಲಿ ಗೀಕ್‌ಗಳಿಗೆ ಚಿಕಿತ್ಸೆ ಕೊಡಲಾಗುವುದು" ಅಂತ (ಗೀಕ್ ಅಂದ್ರೆ ನಿಮ್ಮ ಹಾಗೆ ಒಂದು ವಿಷಯದ ಹುಚ್ಚು ಹತ್ತಿಸ್ಕೊಂಡೋರು) ಯಾರೂ ಬೋರ್ಡ್ ಹಾಕ್ಕೊಂಡಿಲ್ಲ, ಹಾಕಿದ್ರೆ ನಾನೇ ಸ್ವಲ್ಪ ಅನುಮಾನ ಪಡ್ತೀನಿ. ನಿಮಗೆ ಬೇಕಿರೋದು ರೈಲು ಗೊತ್ತಿರೋರಲ್ಲ. ಗೊತ್ತಿಲ್ಲದ ವಿಷಯ ಬಂದಾಗ "ಹೌದಾ, ಹೇಳಿ" ಅನ್ನೋರು, ನಿಮ್ಮಲ್ಲಿ ಯಾವುದು ಕಾಯಿಲೆ ಯಾವುದು ಸ್ವಭಾವ ಅಂತ ಬೇರೆ ಮಾಡಿ ನೋಡೋರು. ನೀವು ಕಂಡ ಕೌನ್ಸೆಲರಿಗೆ ಫಾಂಟ್ ಗೊತ್ತಿಲ್ಲದೇ ಇದ್ದಿದ್ದು ದೊಡ್ಡ ವಿಷಯ ಅಲ್ಲ, ಊರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ನೀವು ಹೋಗಿದ್ದು ಟೀಮ್ ಲಂಚಿನ ಹೊಟ್ಟೆ ಸಂಕಟಕ್ಕೆ, ಅವರು ಕೈ ಹಾಕಿದ್ದು ಫಾಂಟಿಗೆ. ಕೆಟ್ಟಿರೋದು ಅಲ್ಲಿ.

ಅಂದ್ಹಾಗೆ ಮೈಸೂರಲ್ಲಿ ಸೈಕಾಲಜಿಗೂ ಗೀಕ್‌ತನಕ್ಕೂ ಹಳೇ ಸಂಬಂಧ ಇದೆ, ಕೇಳಿ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯ್ತು, ದೇಶದಲ್ಲಿ ಕಲ್ಕತ್ತ ಬಿಟ್ರೆ ಇದೇ. ಅದನ್ನ ಕಟ್ಟಿದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಲ್ಲಿ ಮನಸ್ಸಿನ ಬಗ್ಗೆ ಪಾಠ ಮಾಡ್ತಾ ಮಾಡ್ತಾ 1935ರಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ 30 ವ್ಯಾಟಿನ ಒಂದು ಟ್ರಾನ್ಸ್‌ಮಿಟರ್ ಇಟ್ಕೊಂಡು ರೇಡಿಯೋ ಸ್ಟೇಷನ್ನೇ ಶುರು ಮಾಡಿಬಿಟ್ರು, ಆಕಾಶವಾಣಿ ಅನ್ನೋ ಹೆಸರು ಬಂದಿದ್ದು ಆ ಮನೆ ಸ್ಟೇಷನ್ನಿಂದ. ಮನೇಲಿ ರೇಡಿಯೋ ಕೇಂದ್ರ ನಡೆಸೋ ಮೇಷ್ಟ್ರಿಗೆ "ಅದೆಲ್ಲ ಯಾಕೆ ಸಾರ್, ಮೊಬೈಲ್ ಕಮ್ಮಿ ಮಾಡಿ" ಅನ್ನೋರು ಆಗ ಇರ್ಲಿಲ್ಲ, ಪುಣ್ಯ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಮೊದಲು ಯಾರು ಯಾರು ಅನ್ನೋದು ತಿಳ್ಕೊಳಿ, ಯಾಕಂದ್ರೆ ನಮ್ಮ ಊರಲ್ಲಿ ಎಲ್ಲರನ್ನೂ "ಡಾಕ್ಟ್ರು" ಅಂತೀವಿ ಇಲ್ಲಾ ಎಲ್ಲರನ್ನೂ "ಕೌನ್ಸೆಲರ್" ಅಂತೀವಿ. ಸೈಕಿಯಾಟ್ರಿಸ್ಟ್ ಅಂದ್ರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರು, ಮಾತ್ರೆ ಬರೆಯೋರು ಇವರು. ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ ಎರಡರಲ್ಲೂ ಈ ವಿಭಾಗ ಇದೆ, ಆದ್ರೆ ಓಪಿಡೀಲಿ ಹಿಂದೆ ಕ್ಯೂ ನಿಂತಿರುತ್ತೆ, ಅಲ್ಲಿ ಕೂತು ಒಂದು ಗಂಟೆ ಮಾತಾಡ್ತಾರೆ ಅಂತ ನಿರೀಕ್ಷೆ ಇಟ್ಕೊಂಡು ಹೋದ್ರೆ ಬೇಜಾರಾಗುತ್ತೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಮಾತ್ರೆ ಬರೆಯಲ್ಲ, ಮಾತಿನ ಚಿಕಿತ್ಸೆ ಮತ್ತೆ ಟೆಸ್ಟಿಂಗ್ (ನಿಮ್ಮ ತರಹದ್ದಲ್ಲ, ಮನಸ್ಸಿಂದು) ಅವರ ಕೆಲಸ. ಸಾಮಾನ್ಯವಾಗಿ ಎಂಫಿಲ್ ಮಾಡಿರ್ತಾರೆ, ಭಾರತೀಯ ಪುನರ್ವಸತಿ ಪರಿಷತ್ತು ಅಂದ್ರೆ ಆರ್‌ಸಿಐನಲ್ಲಿ ಹೆಸರು ನೋಂದಾಯಿಸಿರ್ತಾರೆ, ನಂಬರ್ ಕೇಳಿದ್ರೆ ಕೊಡ್ತಾರೆ, ಕೇಳೋದು ಅವಮಾನ ಏನಲ್ಲ. ಕೌನ್ಸೆಲರ್ ಅನ್ನೋ ಬೋರ್ಡ್ ಕೆಳಗೆ ಮಾತ್ರ ಹುಷಾರು, ಎಂಎಸ್ಸಿ ಸೈಕಾಲಜಿ ಮಾಡಿ ವರ್ಷಗಟ್ಟಲೆ ಪಳಗಿದ ಒಳ್ಳೊಳ್ಳೆಯವರೂ ಅಲ್ಲೇ ಇರ್ತಾರೆ, ವಾರದ ಕೋರ್ಸ್ ಮಾಡಿ ಸರ್ಟಿಫಿಕೇಟ್ ಫ್ರೇಮ್ ಹಾಕಿಸಿದೋರೂ ಅಲ್ಲೇ ಇರ್ತಾರೆ. ಏನು ಓದಿದೀರಾ ಅಂತ ಕೇಳ್ಬಿಡಿ.

ಕೇಳೋದು ಫೋನಲ್ಲೇ ಆಗ್ಲಿ, ಹೋಗೋಕ್ಕೆ ಮುಂಚೆ. ಫೋನ್ ಮಾಡೋದು ನಿಮ್ಮಂಥೋರಿಗೆ ಬೆಟ್ಟ ಹತ್ತಿದ ಹಾಗೆ ಅಂತ ನನಗೆ ಗೊತ್ತು, ಹಾಗಿದ್ರೆ ವಾಟ್ಸಾಪಲ್ಲಿ ಬರೆದು ಕಳಿಸಿ. "ಸಾರ್/ಮೇಡಂ, ನನಗೆ ಜನರ ಜೊತೆ ಬೆರೆಯೋದು ಕಷ್ಟ, ನಿದ್ದೆ ಸರಿ ಇಲ್ಲ, ಅದಕ್ಕೆ ಬರಬೇಕು ಅಂತಿದೀನಿ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡೋಕೆ ನನಗೆ ಆಗಲ್ಲ, ಪರವಾಗಿಲ್ವಾ? ನನ್ನ ಹವ್ಯಾಸ ಸ್ವಲ್ಪ ವಿಚಿತ್ರ ಅನಿಸ್ಬೋದು, ಅಂಥೋರನ್ನ ಮುಂಚೆ ನೋಡಿದೀರಾ? ಆಟಿಸಂ, ಎಡಿಎಚ್‌ಡಿ ಇರೋ ದೊಡ್ಡೋರ ಜೊತೆ ಕೆಲಸ ಮಾಡಿದೀರಾ? ಒಂದು ಸೆಷನ್ ಎಷ್ಟು ಹೊತ್ತು, ಫೀಸ್ ಎಷ್ಟು?" ಇಷ್ಟು ಸಾಕು. (ಎಡಿಎಚ್‌ಡಿ ಅಂದ್ರೆ ಒಂದು ಕಡೆ ಗಮನ ನಿಲ್ಲದ ತೊಂದ್ರೆ.) ಉತ್ತರ ಏನು ಬರುತ್ತೆ ಅನ್ನೋದಕ್ಕಿಂತ ಹೇಗೆ ಬರುತ್ತೆ ನೋಡಿ. "ಗೋಡೆ ನೋಡ್ಕೊಂಡೇ ಮಾತಾಡಿ, ನನಗೇನೂ ತೊಂದ್ರೆ ಇಲ್ಲ" ಅಂದ್ರೆ ಆ ಮನುಷ್ಯನ್ನ ಹೋಗಿ ನೋಡಿ. "ಕಣ್ಣು ನೋಡಿ ಮಾತಾಡೋದನ್ನೇ ಮೊದಲು ಸರಿ ಮಾಡೋಣ" ಅಂದ್ರೆ ಬೇಡ. "ದೊಡ್ಡೋರಲ್ಲಿ ಆಟಿಸಂ ನಾನು ಜಾಸ್ತಿ ನೋಡಿಲ್ಲ, ಆದ್ರೆ ಓದಿದೀನಿ, ಬೇಕಾದ್ರೆ ಗೊತ್ತಿರೋರ ಹತ್ರ ಕೇಳ್ತೀನಿ" ಅಂದ್ರೂ ನಾನು ಆ ಕಡೆಗೇ ವೋಟ್ ಹಾಕ್ತೀನಿ. ಗೊತ್ತಿಲ್ಲ ಅನ್ನೋಕೆ ಬರೋ ಥೆರಪಿಸ್ಟ್ ಸಿಗೋದು ಅಷ್ಟು ಸುಲಭ ಅಲ್ಲ ಕಣ್ರೀ.

ಒಳಗೆ ಹೋದ್ಮೇಲೆ ಇನ್ನೊಂದು ಪೇಚಾಟ ಬರುತ್ತೆ. "ಹೇಗನಿಸ್ತಿದೆ?" ಅಂತ ಕೇಳ್ತಾರೆ, ನಿಮಗೆ ಉತ್ತರ ಬರಲ್ಲ, "ಗೊತ್ತಿಲ್ಲ" ಅಂತೀರಿ, ಅವರು ನೀವು ಬಾಯಿ ಬಿಡ್ತಿಲ್ಲ ಅಂದ್ಕೋತಾರೆ. ನಿಜವಾಗ್ಲೂ ಗೊತ್ತಿರಲ್ಲ ರೀ ಕೆಲವರಿಗೆ. ತನ್ನ ಭಾವನೆಗೆ ಹೆಸರು ಕೊಡೋಕೆ ಕಷ್ಟ ಆಗೋದಕ್ಕೆ ಅಲೆಕ್ಸಿಥೈಮಿಯಾ ಅಂತಾರೆ, 1970ರ ದಶಕದಿಂದ ಮನೋವೈದ್ಯರು ಬಳಸ್ತಿರೋ ಮಾತು, ಆಟಿಸಂ ಇರೋರಲ್ಲಿ ಇದು ಜಾಸ್ತಿ, ಇಲ್ಲದೋರಲ್ಲೂ ಉಂಟು. ಇದಕ್ಕೆ ನಿಮ್ಮ ಕೆಲಸದಲ್ಲೇ ಉಪಾಯ ಇದೆ. ನೀವು ಟೆಸ್ಟರ್ ತಾನೇ, ದಿನಾ ಬಗ್ ರಿಪೋರ್ಟ್, ಅಂದ್ರೆ ಸಾಫ್ಟ್‌ವೇರಲ್ಲಿ ಸಿಕ್ಕ ತಪ್ಪಿನ ವರದಿ ಬರೀತೀರಿ, ಈ ವಾರ ಆದ ಒಂದು ತೊಂದ್ರೇನ ಹಾಗೇ ಬರ್ಕೊಂಡು ಹೋಗಿ. ಹೇಗಂದ್ರೆ:

"ತೊಂದರೆ: ಟೀಮ್ ಲಂಚ್. ಯಾವಾಗ ಬರುತ್ತೆ: ಐದಾರು ಜನಕ್ಕಿಂತ ಜಾಸ್ತಿ ಇದ್ದಾಗ, ಹೋಟೆಲ್ ಹೊಸದಾದಾಗ. ಯಾವಾಗ ಬರಲ್ಲ: ಮೂರು ಜನ ಕ್ಯಾಂಟೀನಲ್ಲಿ ಕೂತಾಗ. ಏನಾಗುತ್ತೆ: ಇಬ್ಬರು ಒಟ್ಟಿಗೆ ಮಾತಾಡಿದ್ರೆ ಎರಡೂ ಕೇಳಲ್ಲ, ಕಿವಿ ಬಿಸಿ ಆಗುತ್ತೆ, ಊಟ ಗಂಟಲಲ್ಲಿ ಇಳಿಯಲ್ಲ. ಏನಾಗ್ಬೇಕಿತ್ತು: ಅರ್ಧ ಗಂಟೆ ಕೂತು ಎದ್ದು ಬರೋ ಹಾಗಾದ್ರೆ ಸಾಕು. ಆಮೇಲೆ: ಮನೆಗೆ ಬಂದು ರಾತ್ರಿ ತನಕ ಅಮ್ಮನ ಜೊತೇಲೂ ಮಾತಾಡೋಕೆ ಆಗಲ್ಲ."

ಇಷ್ಟು ಬರೆದಿರೋ ಒಂದು ಚೀಟಿ ಕೈಗೆ ಕೊಟ್ರೆ ಕೆಲಸ ಗೊತ್ತಿರೋ ಥೆರಪಿಸ್ಟಿಗೆ ಅಲ್ಲೇ ಎಷ್ಟೋ ಕಾಣುತ್ತೆ. ಮೂರು ಜನ ಇದ್ರೆ ಬರಲ್ಲ ಅಂದ್ಮೇಲೆ ಇದು ಬರೀ ಜನರ ಭಯ ಇರ್ಲಾರದು, ಗದ್ದಲದ್ದೂ ಪಾಲಿದೆ ಅನ್ನೋದು ಕಾಣುತ್ತೆ. ಭಯ ಆದ್ರೆ ಚಿಕಿತ್ಸೆ ಒಂದು ತರ, ಸ್ವಲ್ಪ ಸ್ವಲ್ಪ ಎದುರಿಸ್ತಾ ಹೋಗೋದು, ತಲೇಲಿ ಓಡೋ ಯೋಚನೆಗಳನ್ನ ಹಿಡಿದು ಪರೀಕ್ಷೆ ಮಾಡೋದು. ಗದ್ದಲದ ತೊಂದ್ರೆ ಆದ್ರೆ ಎದುರಿಸು ಎದುರಿಸು ಅಂತ ತಳ್ಳಿದ್ರೆ ಸುಸ್ತಾಗ್ತೀರಿ ಅಷ್ಟೇ, ಅಲ್ಲಿ ಮೂಲೆ ಟೇಬಲ್ ಹಿಡಿಯೋದು, ಮುಂಚೆ ಹೋಗಿ ಮುಂಚೆ ಏಳೋದು, ಮ್ಯಾನೇಜರಿಗೆ ಒಂದು ಮಾತು ಹೇಳಿಡೋದು ಕೆಲಸಕ್ಕೆ ಬರುತ್ತೆ. ಎರಡೂ ಸೇರಿರೋ ಸಾಧ್ಯತೇನೇ ಜಾಸ್ತಿ.

ಫಾಂಟಿನ ವಿಷಯಕ್ಕೆ ನಿಮಗೆ ಇಷ್ಟ ಆಗದ ಒಂದು ಮಾತೂ ಹೇಳ್ಬೇಕು. ರಾತ್ರಿ ಮೂರರ ತನಕ ಕೂತಿರ್ತೀನಿ, ಅದರಲ್ಲಿ ತೊಂದ್ರೆ ಇಲ್ಲ ಅಂತ ಬರೆದಿದೀರಿ. ಬೆಳಿಗ್ಗೆ ಒಂಬತ್ತಕ್ಕೆ ಆಫೀಸ್ ಇರೋನಿಗೆ ಅದು ತೊಂದ್ರೇನೇ. ಒತ್ತಕ್ಷರ ಸರಿ ಹೋಗೋ ಖುಷಿಗೆ ಎಷ್ಟು ಹೊತ್ತು ಕೂತಿರ್ತೀರಿ, ನಾಳೆ ಆಫೀಸ್ ಬರದೇ ಇರ್ಲಿ ಅಂತ ಎಷ್ಟು ಹೊತ್ತು ಕೂತಿರ್ತೀರಿ ಅನ್ನೋದು ನಿಮಗೇ ಗೊತ್ತು. ಒಳ್ಳೆ ಥೆರಪಿಸ್ಟ್ ಇದನ್ನ ಕೇಳೇ ಕೇಳ್ತಾರೆ, ಆಗ "ಇವರೂ ನನ್ನ ಫಾಂಟಿಗೆ ಬಂದ್ರು" ಅಂತ ಎದ್ದು ಬರಬೇಡಿ. ಇದೇ ಕಾರಣಕ್ಕೆ ನಿಮ್ಮಷ್ಟೇ ರೈಲು ಹುಚ್ಚಿರೋ ಥೆರಪಿಸ್ಟ್ ಸಿಕ್ರೆ ನನಗೆ ಸ್ವಲ್ಪ ಭಯಾನೇ. ಚಾಮುಂಡಿ ಎಕ್ಸ್‌ಪ್ರೆಸ್ಸಿಗೆ ಯಾವ ಇಂಜಿನ್ ಬಂದಿತ್ತು ಅಂತ ಇಬ್ಬರೂ ಮುಕ್ಕಾಲು ಗಂಟೆ ಮಾತಾಡಿ ಖುಷಿಯಾಗಿ ಎದ್ದು ಬರ್ತೀರಿ, ಟೀಮ್ ಲಂಚ್ ಅಲ್ಲೇ ಇರುತ್ತೆ. ಅಂಥ ಮಾತಿಗೆ ಗೆಳೆಯರು ಬೇಕು, ಅದಕ್ಕೆ ಫೀಸ್ ಕೊಡೋದು ದಂಡ.

ಕ್ವಿಜ್ ಬಗ್ಗೆ: ಅದು ರೋಗನಿರ್ಣಯ ಅಲ್ಲ, ವಿಚಾರಿಸ್ಬೋದು ಅನ್ನೋ ಒಂದು ಸುಳಿವು. ತುಂಬಾ ಆತಂಕ ಇರೋರಿಗೂ ಆ ಸ್ಕೋರ್ ಜಾಸ್ತಿ ಬರ್ಬೋದು. ಸರಿಯಾಗಿ ನೋಡ್ಬೇಕಂದ್ರೆ ಕೂತು ಮಾತಾಡಿ, ಚಿಕ್ಕಂದಿನ ಕಥೆ ಕೇಳ್ತಾರೆ, ಸಾಧ್ಯ ಆದ್ರೆ ಅಮ್ಮನ್ನೂ ಕೇಳ್ತಾರೆ, ಯಾವಾಗ ಮಾತು ಬಂತು, ಯಾರ ಜೊತೆ ಆಡ್ತಿದ್ದ, ಸಮವಸ್ತ್ರದ ಕಾಲರ್ ಚುಚ್ಚುತ್ತೆ ಅಂತ ಅಳ್ತಿದ್ನಾ ಅಂತೆಲ್ಲ. ಮಾನಸಗಂಗೋತ್ರೀಲಿ ನಾವೆಲ್ಲ ಸ್ಪೀಚ್ ಅಂಡ್ ಹಿಯರಿಂಗ್ ಅಂತ ಕರೆಯೋ ಆಯಿಶ್ ಇದೆಯಲ್ಲ, 1965ರಿಂದ ಇರೋ ಸಂಸ್ಥೆ, ಅಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗ ಇದೆ, ಆಟಿಸಂ ಮಕ್ಕಳನ್ನ ನೋಡಿ ಪಳಗಿದ ಜಾಗ, ದೊಡ್ಡೋರನ್ನ ನೋಡ್ತಾರಾ ಅಂತ ಹೋಗಿ ವಿಚಾರಿಸಿ. ಇಲ್ಲಾಂದ್ರೆ ಬೆಂಗಳೂರಿನ ನಿಮ್ಹಾನ್ಸ್. ಹಳೇ ಪುಸ್ತಕದಲ್ಲಿ ಆಸ್ಪರ್ಜರ್ ಅಂತ ಓದಿದ್ರೆ ಗೊಂದಲ ಬೇಡ, ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲೇ ಆ ಹೆಸರು ಬಿಟ್ಟು ಎಲ್ಲವನ್ನೂ ಆಟಿಸಂ ಸ್ಪೆಕ್ಟ್ರಮ್ ಒಳಗೆ ಸೇರಿಸಿದೆ. ಹೆಸರು ಗೊತ್ತಾದ್ರೆ ಕೆಲವರಿಗೆ ಎದೆ ಹಗುರ ಆಗುತ್ತೆ, ಕೆಲವರಿಗೆ ಏನೂ ಆಗಲ್ಲ. ಹೆಸರು ಸಿಗೋ ತನಕ ಥೆರಪಿ ಶುರು ಮಾಡ್ಬಾರ್ದು ಅಂತೇನಿಲ್ಲ, ನಿದ್ದೆಗೆ ಆಟಿಸಂ ಸರ್ಟಿಫಿಕೇಟ್ ಬೇಕಾಗಿಲ್ಲ.

ಇನ್ನೊಂದು ವಿಷಯ ನಿಮಗೆ ಇಷ್ಟ ಆಗ್ಬೋದು. ಡೇಮಿಯನ್ ಮಿಲ್ಟನ್ ಅಂತ ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ, ಸ್ವತಃ ಆಟಿಸಂ ಇರೋರು, 2012ರಲ್ಲಿ ಒಂದು ಲೇಖನ ಬರೆದ್ರು. ಆಟಿಸಂ ಇರೋನಿಗೆ ಬೇರೆಯವರು ಅರ್ಥ ಆಗಲ್ಲ ಅಂತ ಎಲ್ಲರೂ ಹೇಳ್ತಾರೆ, ಬೇರೆಯವರಿಗೆ ಅವನು ಅರ್ಥ ಆಗ್ತಾನಾ, ಅದನ್ನ ಯಾಕೆ ಯಾರೂ ಲೆಕ್ಕಕ್ಕೆ ತಗೊಳಲ್ಲ ಅನ್ನೋದು ಅವರ ವಾದ. ನಿಮ್ಮ ಕೌನ್ಸೆಲರ್ ಜೊತೆ ಆಗಿದ್ದೂ ಅದೇ ತಾನೇ, ನೀವು ಅಷ್ಟು ಹೊತ್ತು ವಿವರಿಸಿದ್ರಿ, ಅವರು ಒಂದು ಸಲ ವಾಪಸ್ ಕೇಳ್ಲಿಲ್ಲ.

ಪ್ರಶ್ನೆ: ಅಕ್ಕ, ನಾನು ಮಂಡ್ಯದೋಳು, 22 ವರ್ಷ, ಡಿಗ್ರಿ ಮುಗ್ಸಿ ಮನೇಲಿದೀನಿ. ನಾನು ಜಪಾನಿ ಕಾಮಿಕ್ಸ್ ತರ ಚಿತ್ರ ಬರೀತೀನಿ, ಮನೇಲಿ ಅದುನ್ನ ಗೊಂಬೆ ಬರೆಯೋದು ಅಂತಾರೆ. ಇಲ್ಲಿ ನನ್ ತರ ಒಬ್ರೂ ಇಲ್ಲ ಕನಕ್ಕ. ನನ್ ಗೆಳತಿ ಮದ್ವೆ ಆದ್ಮೇಲೆ ತಿಂಗಳುಗಟ್ಲೆ ಊಟ ಸೇರ್ಲಿಲ್ಲ, ಯಾಕೆ ಅಂತ ಬರೆಯೋಕೆ ಧೈರ್ಯ ಇಲ್ಲ, ನೀವೇ ಅರ್ಥ ಮಾಡ್ಕೊಳಿ. ಯಾರತ್ರನಾದ್ರೂ ಮಾತಾಡ್ಬೇಕು ಅನ್ಸುತ್ತೆ, ಆದ್ರೆ ಮಂಡ್ಯದಲ್ಲಿ ಆ ಬೋರ್ಡ್ ಕೆಳಗೆ ನಿಂತ್ರೆ ಸಾಕು, ಸಾಯಂಕಾಲದೊಳಗೆ ನಮ್ಮಪ್ಪಂಗೆ ಗೊತ್ತಾಗೋಯ್ತದೆ.
ಒಬ್ಬಳು, ಮಂಡ್ಯ

ಉತ್ತರ: ಅರ್ಥ ಆಯ್ತು ಕಣವ್ವ, ಅಥವಾ ಅರ್ಥ ಆಗಿದೆ ಅಂದ್ಕೊಂಡಿದೀನಿ. ನೀನು ಬಾಯಿ ಬಿಟ್ಟು ಬರೆದಿಲ್ಲ, ನಾನೂ ಕೆದಕಲ್ಲ. ಆ ಗೆಳತಿ ನಿನಗೆ ಗೆಳತಿಗಿಂತ ಜಾಸ್ತಿ ಆಗಿದ್ಲು ಅನ್ನೋದಾದ್ರೆ, ಮೊದಲು ಇದು ಗೊತ್ತಿರ್ಲಿ: ಅದು ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರೀತೀನ 1990ರಲ್ಲೇ ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ, 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್ ಅಪರಾಧವೂ ಅಲ್ಲ ಅಂದಿದೆ. "ಬದಲಾಯಿಸಿ ಕೊಡ್ತೀವಿ" ಅನ್ನೋ ಚಿಕಿತ್ಸೆ ಮಾಡಿದ್ರೆ ಅದು ಡಾಕ್ಟರ ದುರ್ನಡತೆ ಅಂತ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಹೇಳಿದೆ. ಯಾರಾದ್ರೂ ಹಾಗಂದ್ರೆ ಚಪ್ಪಲಿ ಹಾಕ್ಕೊಂಡು ಹೊರಗೆ ಬಂದ್ಬಿಡು, ವಾದ ಮಾಡೋಕೆ ಹೋಗ್ಬೇಡ.

ನಾನು ತಪ್ಪು ತಿಳ್ಕೊಂಡಿದ್ರೂ ಮುಂದಿಂದು ನಿನಗೆ ಬೇಕಾಗುತ್ತೆ. 14416 ಅಂತ ಒಂದು ನಂಬರ್ ಇದೆ, ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯದ ಸಹಾಯವಾಣಿ, 2022ರ ಅಕ್ಟೋಬರಿಂದ ಸರ್ಕಾರ ನಡೆಸ್ತಿರೋದು, ಹಗಲೂ ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬೋದು. ಅವರು ವಾರ ವಾರ ಕೂರಿಸಿ ಮಾತಾಡೋ ಥೆರಪಿ ಕೊಡಲ್ಲ, ಆದ್ರೆ ಮೊದಲ ಸಲ ಬಾಯಿ ಬಿಡೋಕೆ ಅದಕ್ಕಿಂತ ಸಲೀಸಾದ ಜಾಗ ನನಗೆ ತೋಚ್ತಿಲ್ಲ, ಮುಂದೆ ಎಲ್ಲಿಗೆ ಹೋಗ್ಬೇಕು ಅಂತಾನೂ ಹೇಳ್ತಾರೆ. ಮನೇಲಿ ಮಾತಾಡೋಕೆ ಆಗದಿದ್ರೆ ವಾಕಿಂಗ್ ಹೋಗೋ ನೆಪದಲ್ಲಿ ಇಯರ್‌ಫೋನ್ ಹಾಕ್ಕೊಂಡು ಮಾತಾಡು, ರೋಡಲ್ಲಿ ಎಲ್ಲರೂ ಹಾಗೇ ಮಾತಾಡ್ತಾ ಹೋಗ್ತಿರ್ತಾರೆ.

ಮಂಡ್ಯ ಮಿಮ್ಸ್ ಆಸ್ಪತ್ರೇಲೂ ಮನೋವೈದ್ಯ ವಿಭಾಗ ಇದೆ. ಅಲ್ಲಿ ಸಾವಿರ ಕೆಲಸಕ್ಕೆ ಸಾವಿರ ಜನ ಓಡಾಡ್ತಾರೆ, ಗೇಟಲ್ಲಿ ನೋಡಿದೋರಿಗೆ ನೀನು ಹಲ್ಲು ನೋವಿಗೆ ಬಂದಿದೀಯೋ ಯಾರನ್ನ ನೋಡೋಕೆ ಬಂದಿದೀಯೋ ಗೊತ್ತಾಗಲ್ಲ, ಕ್ಲಿನಿಕ್ಕಿನ ಬೋರ್ಡಿಗಿಂತ ಅದು ವಾಸಿ. ಅದೂ ಬೇಡ ಅಂದ್ರೆ ಪ್ಯಾಸೆಂಜರ್ ಗಾಡಿ ಹತ್ತಿ ಮೈಸೂರಿಗೆ ಬಾ, ಒಂದು ಗಂಟೆ ದಾರಿ, ಕಂಪ್ಯೂಟರ್ ಕ್ಲಾಸ್ ವಿಚಾರಿಸೋಕೆ ಹೋಗ್ತಿದೀನಿ ಅನ್ನು (ಒಂದೆರಡು ಕಡೆ ನಿಜವಾಗ್ಲೂ ವಿಚಾರಿಸು, ಕೆಲಸ ಅಂತ ಒಂದಾದ್ರೆ ಮನೇಲಿ ನಿನ್ನ ಮಾತಿಗೆ ತೂಕ ಬರುತ್ತೆ). ನಿನಗೆ 18 ದಾಟಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನೀನು ಹೇಳಿದ್ದನ್ನ ಗುಟ್ಟಾಗಿ ಇಡೋದು ಅವರ ಕರ್ತವ್ಯ, ನಿನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಅನ್ನೋ ಥರದ ಕೆಲವು ಸಂದರ್ಭ ಬಿಟ್ರೆ ಅಪ್ಪ ಬಂದು ಕೇಳಿದ್ರೂ ಹೇಳೋ ಹಾಗಿಲ್ಲ. ಆದ್ರೂ ಮೊದಲ ದಿನವೇ ಕೇಳ್ಕೋ, "ನಮ್ಮನೆಯೋರು ಫೋನ್ ಮಾಡಿದ್ರೆ ಏನಂತೀರಾ?" ಅಂತ. ನೇರವಾಗಿ ಉತ್ತರ ಕೊಡದೆ ಜಾರಿಕೊಂಡ್ರೆ ಆ ಜಾಗ ಬೇಡ. ರಸೀದಿ, ಮೆಸೇಜ್ ಯಾವ ಫೋನಿಗೆ ಬರುತ್ತೆ, ಅದನ್ನೂ ನೋಡ್ಕೋ, ಗುಟ್ಟು ಜಾಸ್ತಿ ಬಯಲಾಗೋದು ಅಲ್ಲೇ.

ನಿನ್ನ ಚಿತ್ರಗಳನ್ನ ಜೊತೆಗೆ ತಗೊಂಡು ಹೋಗು. ಬಾಯಲ್ಲಿ ಬರದೇ ಇರೋದು ಅದರಲ್ಲಿ ಇರ್ಬೋದು. ಅವರು ಒಂದೇ ಸಲ ಮೇಲಿಂದ ಕಣ್ಣಾಡಿಸಿ ಪಕ್ಕಕ್ಕೆ ಇಟ್ರಾ, ಇಲ್ಲಾ "ಇವಳು ಯಾರು, ಇವಳ ಮುಖ ಯಾಕೆ ಆ ಕಡೆ ತಿರುಗಿದೆ?" ಅಂತ ಕೇಳಿದ್ರಾ, ಅಷ್ಟರಲ್ಲೇ ನಿನಗೆ ಗೊತ್ತಾಗುತ್ತೆ. ಊಟ ಸೇರದೇ ಇರೋದು ಈಗಲೂ ಇದ್ರೆ, ಸಾಯ್ಬೇಕು ಅನ್ನೋ ಯೋಚನೆ ಏನಾದ್ರೂ ಬಂದಿದ್ರೆ ಯಾವ ಥೆರಪಿಸ್ಟ್ ಒಳ್ಳೆಯೋರು ಅಂತ ಹುಡುಕ್ತಾ ಕೂರ್ಬೇಡ, ಇವತ್ತೇ ಆ ನಂಬರಿಗೆ ಫೋನ್ ಮಾಡು.

ಪ್ರಶ್ನೆ: ನನ್ನ ಮಗ ಪಿಯುಸಿ ಎರಡನೇ ವರ್ಷ. ಬುದ್ಧಿವಂತ, ಆದರೆ ಯಾರ ಜೊತೆಗೂ ಸೇರಲ್ಲ. ಟೆರೇಸಲ್ಲಿ ಟೆಲಿಸ್ಕೋಪ್, ಕೈಯಲ್ಲಿ ರೂಬಿಕ್ ಕ್ಯೂಬ್, ನೆಂಟರು ಬಂದರೆ ರೂಮಿನ ಬಾಗಿಲು ಹಾಕಿಕೊಳ್ಳುತ್ತಾನೆ. ಇವನನ್ನು ಎಲ್ಲರ ಹಾಗೆ ಮಾಡಲು ಎಷ್ಟು ಸೆಷನ್ ಬೇಕಾಗಬಹುದು?
ತಂದೆ, ಕುವೆಂಪುನಗರ, ಮೈಸೂರು

ಉತ್ತರ: ಎಲ್ಲರ ಹಾಗೆ ಮಾಡೋಕೆ ಸೆಷನ್ ಇಲ್ಲ ಸಾರ್, ಇದ್ರೂ ನಾನು ಅಡ್ರೆಸ್ ಕೊಡಲ್ಲ.

ನೀವು ಬರೆದಿರೋದ್ರಲ್ಲಿ ಹುಡುಗ ನರಳ್ತಿದಾನೆ ಅನ್ನೋಕೆ ಒಂದು ಸಾಲೂ ಸಿಗ್ಲಿಲ್ಲ, ನೆಂಟರ ಎದುರು ನಿಮಗೆ ಮುಜುಗರ ಆಗ್ತಿದೆ ಅನ್ನೋದು ಮಾತ್ರ ಸಿಕ್ತು. ಅವನನ್ನೇ ಕೇಳಿದೀರಾ? "ನಿನಗೆ ಕಾಲೇಜಲ್ಲಿ ಯಾರಾದ್ರೂ ತೊಂದ್ರೆ ಕೊಡ್ತಾರಾ, ಒಬ್ಬನೇ ಅನ್ನಿಸಿ ಬೇಜಾರಾಗುತ್ತಾ?" ಅಂತ, ಅದೂ ಎದುರು ಕೂರಿಸ್ಕೊಂಡು ಅಲ್ಲ, ಟೆರೇಸಿಗೆ ಹೋಗಿ ಟೆಲಿಸ್ಕೋಪ್ ಪಕ್ಕ ನಿಂತು. ಬೇಜಾರಾಗುತ್ತೆ ಅಂದ್ರೆ ಆಗ ಥೆರಪಿಸ್ಟ್ ಹುಡುಕೋಣ, ಅದು ಅವನ ಬೇಜಾರಿಗೆ. ಚಿಕ್ಕಂದಿನಿಂದ ಮಾತು, ಆಟ, ಶಬ್ದ, ಬಟ್ಟೆ ಈ ವಿಷಯದಲ್ಲೆಲ್ಲ ಬೇರೆ ತರ ಇದ್ದ ಅನ್ನೋದಾದ್ರೆ ಒಂದು ಸಲ ಸರಿಯಾದ ಕಡೆ ತೋರಿಸೋದ್ರಲ್ಲಿ ತಪ್ಪಿಲ್ಲ, ಆದ್ರೆ ಅವನಿಗೆ ಹೇಳಿ, ಒಪ್ಪಿಸಿ ಕರ್ಕೊಂಡು ಹೋಗಿ. ಕಣ್ಣು ಟೆಸ್ಟ್ ಮಾಡಿಸೋಣ ಬಾ ಅಂತ ಸುಳ್ಳು ಹೇಳಿ ಕರ್ಕೊಂಡು ಹೋದ್ರೆ ಆ ಹುಡುಗ ಮುಂದೆ ಯಾವ ಥೆರಪಿಸ್ಟನ್ನೂ ನಂಬಲ್ಲ, ನಿಮ್ಮನ್ನೂ ನಂಬಲ್ಲ.

ಮತ್ತೆ ಅವನು ಕ್ಯೂಬ್ ಹಿಡಿದಿರೋ ತನಕ ನಿಮಗೆ ಅಷ್ಟು ಗಾಬರಿ ಬೇಡ. ಕ್ಯೂಬ್ ಮೂಲೆಗೆ ಬಿತ್ತು, ಟೆಲಿಸ್ಕೋಪ್ ಮೇಲೆ ಧೂಳು ಕೂತಿದೆ, ನಿದ್ದೆ ಕೆಟ್ಟಿದೆ, ತಟ್ಟೇಲಿ ಊಟ ಮಿಗ್ತಿದೆ, ಸ್ನಾನ ತಪ್ಪಿಸ್ತಿದಾನೆ ಅಂದ್ರೆ ಆಗ ತಡ ಮಾಡ್ಬೇಡಿ. ಖಿನ್ನತೆ ಬಂದಾಗ ಎಷ್ಟೋ ಜನ ತಮಗೆ ಇಷ್ಟ ಆದದ್ದನ್ನೇ ಬಿಟ್ಬಿಡ್ತಾರೆ. ಇಂಥ ಮಕ್ಕಳಲ್ಲಿ ಅದು ಬೇಗ ಗೊತ್ತಾಗಲ್ಲ, ಯಾಕಂದ್ರೆ ಮನೆಯೋರು "ಸದ್ಯ ಆ ಕ್ಯೂಬ್ ಬಿಟ್ನಲ್ಲ" ಅಂತ ಖುಷಿ ಪಡ್ತಿರ್ತಾರೆ.

ಪ್ರಶ್ನೆ: ಮೇಡಂ, ಎಐ ಚಾಟ್ ಜೊತೆ ದಿನಾ ರಾತ್ರಿ ಮಾತಾಡ್ತೀನಿ, ನನ್ನ ಆಟ, ನನ್ನ ಕೋಡಿಂಗ್ ಎಲ್ಲ ಅದಕ್ಕೆ ಅರ್ಥ ಆಗುತ್ತೆ, ಬೈಯಲ್ಲ. ಥೆರಪಿಸ್ಟ್ ಯಾಕೆ ಬೇಕು?
ಎಂ., ಸರಸ್ವತಿಪುರಂ

ಉತ್ತರ: ಬೈಯಲ್ಲ ಅನ್ನೋದೇ ಅದರ ಗುಣ, ಅದೇ ಅದರ ದೋಷ. ನೀವು ಹೇಳಿದ್ದಕ್ಕೆಲ್ಲ ಹೌದು ಹೌದು ಅನ್ನೋ ಕಡೆಗೇ ಅದು ವಾಲುತ್ತೆ, ಮತ್ತೆ ನೀವು ಟೈಪ್ ಮಾಡಿದ್ದಷ್ಟೇ ಅದಕ್ಕೆ ಗೊತ್ತು. ಮೂರು ವಾರದಿಂದ ಅದೇ ಶರ್ಟಲ್ಲಿ ಬರ್ತಿದೀರಿ ಅನ್ನೋದು ಎದುರು ಕೂತೋರಿಗೆ ಕಾಣುತ್ತೆ. ಮೇಲೆ ಹೇಳಿದ ಬಗ್ ರಿಪೋರ್ಟ್ ತರದ್ದು ಬರ್ಕೊಳೋಕೆ, ಥೆರಪಿಸ್ಟಿಗೆ ಕಳಿಸೋ ಮೆಸೇಜ್ ತಿದ್ದೋಕೆ ಬಳಸಿ, ಅದಕ್ಕೆ ಚೆನ್ನಾಗಿದೆ. ದಿನಾ ರಾತ್ರಿ ಅಂತ ಬರೆದಿದೀರಲ್ಲ, ಅದನ್ನ ಮಾತ್ರ ಯಾರಾದ್ರೂ ಮನುಷ್ಯರ ಹತ್ರ ಹೇಳಿ.

ಪ್ರಶ್ನೆ: ಈಗ ನೋಡ್ತಿರೋ ಥೆರಪಿಸ್ಟ್ ನನಗೆ ಹೊಂದ್ತಾ ಇಲ್ಲ. ಒಳ್ಳೆಯವರೇ, ನನ್ನ ಅಮ್ಮನ ವಯಸ್ಸು. ಬೇಡ ಅಂತ ಹೇಳೋದು ಹೇಗೆ, ಬೇಜಾರ್ ಮಾಡ್ಕೊಳಲ್ವಾ?
ಎಸ್., ಗೋಕುಲಂ

ಉತ್ತರ: ಎಷ್ಟು ಸಲ ಹೋಗಿದೀರಿ ಅಂತ ಬರೆದಿಲ್ಲ. ಒಂದೇ ಸಲ ಆದ್ರೆ ಇನ್ನೆರಡು ಮೂರು ಸಲ ಹೋಗಿ ನೋಡಿ, ಮೊದಲ ದಿನ ಇಬ್ಬರಿಗೂ ಪರದಾಟಾನೇ. ಆಮೇಲೂ ಹೊಂದಲ್ಲ ಅಂದ್ರೆ ಅವರಿಗೇ ಹೇಳಿ, ಅವರು ಇದಕ್ಕೇ ತರಬೇತಿ ತಗೊಂಡಿರ್ತಾರೆ, ಬೇಜಾರ್ ಮಾಡ್ಕೊಂಡ್ರೂ ಅದು ಅವರು ನೋಡ್ಕೊಳೋ ವಿಷಯ. ಥೆರಪಿಸ್ಟ್ ಮತ್ತೆ ಬಂದೋರ ನಡುವೆ ಹೊಂದಾಣಿಕೆ ಇದ್ರೆ ಗುಣ ಆಗೋ ಸಾಧ್ಯತೆ ಜಾಸ್ತಿ ಅನ್ನೋದು ದಶಕಗಟ್ಟಲೆ ಸಂಶೋಧನೇಲಿ ಮತ್ತೆ ಮತ್ತೆ ಕಂಡಿರೋದು, ಅವರಿಗೂ ಗೊತ್ತು. ಎದುರು ಹೇಳೋಕೆ ಆಗದಿದ್ರೆ ಇದನ್ನ ಕಳಿಸಿ:

"ಮೇಡಂ ನಮಸ್ಕಾರ. ಇಷ್ಟು ದಿನ ಸಮಾಧಾನವಾಗಿ ಕೇಳಿದ್ರಿ, ಥ್ಯಾಂಕ್ಸ್. ನನಗೆ ಸ್ವಲ್ಪ ಬೇರೆ ತರದವರ ಹತ್ರ ನೋಡ್ಬೇಕು ಅನಿಸ್ತಿದೆ, ಮುಂದಿನ ವಾರದ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿ. ನನ್ನಂಥೋರನ್ನ ನೋಡೋರು ಯಾರಾದ್ರೂ ನಿಮಗೆ ಗೊತ್ತಿದ್ರೆ ಹೇಳ್ತೀರಾ?"

ಕೊನೇ ಸಾಲು ಬಿಡ್ಬೇಡಿ. ಈ ಊರಲ್ಲಿ ಯಾರು ಹೇಗೆ ಅಂತ ಗೂಗಲ್‌ಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತೆ.